ಹೆದರದ ಊರು

ಪಡುಬೈಲಿನಲ್ಲಿ ಯಾರೂ ಹೆದರುವುದಿಲ್ಲ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ದೊಡ್ಡ ಫಲಕ ಹಾಕಿ ಹಾಗೆಂದು ಬರೆಸಿದ್ದರು. ಫಲಕದ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸಮುದ್ರಕ್ಕೆ ಬೆನ್ನು ಹಾಕಿ ನಗುತ್ತ ನಿಂತಿದ್ದರು. ಒಬ್ಬೊಬ್ಬರ ಕಿವಿಯ ಹಿಂದೆಯೂ ಹುಣಸೆಬೀಜದಷ್ಟು ಬಿಳಿ ಪಟ್ಟಿ. ಹೊರಗಿನ ಊರಿನವರು ಬಸ್ಸಿನಿಂದ ಇಣುಕಿ ಅದನ್ನು ತಮಾಷೆ ಮಾಡುತ್ತಿದ್ದರು. ಮಾಡಲಿ ಬಿಡಿ, ಅವರ ಮನೆಯವರು ಯಾರೂ ಆ ಸೇತುವೆಯ ಮೇಲೆ ಸತ್ತಿರಲಿಲ್ಲ.

ಸೇತುವೆಯ ವಿಷಯ ಹೇಳದೆ ಈ ಕಥೆ ಮುಂದೆ ಹೋಗದು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಸಮುದ್ರ ಉಕ್ಕಿ ಬರುತ್ತಿದೆ ಎಂದು ಪಡುಬೈಲಿನ ಸೈರನ್ ಕೂಗಿತು. ಊರಿಗೆ ಊರೇ ಹೊಳೆಯ ಮೇಲಿನ ಒಂದೇ ಸೇತುವೆಗೆ ನುಗ್ಗಿತು. ಸಮುದ್ರ ಬರಲೇ ಇಲ್ಲ, ಸೈರನ್ನೇ ಕೆಟ್ಟಿತ್ತು. ಆದರೆ ಆ ನೂಕುನುಗ್ಗಲಲ್ಲಿ ಕಾಲಡಿಗೆ ಬಿದ್ದವರು ಎದ್ದು ಬರಲಿಲ್ಲ. ಆಮೇಲೆ ಬಂದ ತಜ್ಞರು, ಇವರನ್ನು ಕೊಂದದ್ದು ಗಾಬರಿ, ಅದನ್ನೇ ಇಲ್ಲದಂತೆ ಮಾಡಿದರೆ ಹೇಗೆ ಎಂದು ಕೇಳಿದರು. ಹಾಗೆ ಬಂದದ್ದು 'ಶಮನಿ'. ಊರವರ ಬಾಯಲ್ಲಿ ಅದು ಕಿವಿಪಟ್ಟಿ.

ಅದರ ಕೆಲಸ ತಿಳಿಯುವುದು ಕಷ್ಟವಲ್ಲ. ಕಿವಿಯ ಹಿಂದೆ, ಚರ್ಮಕ್ಕೆ ತೀರ ಹತ್ತಿರದಲ್ಲಿ ಒಂದು ನರದ ಕವಲು ಹಾದುಹೋಗುತ್ತದೆ. ಅದರ ತಾಯಿನರ ಕುತ್ತಿಗೆಯಿಂದ ಇಳಿದು ಗುಂಡಿಗೆಯವರೆಗೂ ಹೋಗಿ ಅದಕ್ಕೆ ನಿಧಾನ ಹೇಳುವಂಥದ್ದು. ಎದೆಬಡಿತ ಏರಿ ಮೈ ಬೆವೆತಾಗ ಪಟ್ಟಿಗೆ ತಿಳಿಯುತ್ತದೆ, ಆ ಕವಲಿಗೆ ಸಣ್ಣ ವಿದ್ಯುತ್ತು ಹರಿಸುತ್ತದೆ. ಗುಂಡಿಗೆ ತಣ್ಣಗಾಗುತ್ತದೆ, ಉಸಿರು ನಿಧಾನವಾಗುತ್ತದೆ, ಮನಸ್ಸು ಏನೂ ಆಗಿಲ್ಲವಲ್ಲ ಎಂದುಕೊಳ್ಳುತ್ತದೆ. ಥಟ್ಟನೆ ಬೆಚ್ಚಿಬೀಳುವುದನ್ನು ಮಾತ್ರ ಅದು ತಡೆಯಲಾರದು, ಏಕೆಂದರೆ ಪಟ್ಟಿ ಎಚ್ಚೆತ್ತುಕೊಳ್ಳಲು ಎರಡು ಉಸಿರಿನಷ್ಟು ಹೊತ್ತು ಬೇಕು. ಸೈರನ್ ಕೂಗಿದರಂತೂ ಊರಿನ ಪಟ್ಟಿಗಳೆಲ್ಲ ತಾವಾಗಿಯೇ ಜೋರಾಗುತ್ತವೆ. ಜನ ಇದ್ದಲ್ಲೇ ಕೂತು, ಮೈಕಿನಲ್ಲಿ ಏನು ಹೇಳುತ್ತಾರೋ ಅದನ್ನು ಮಾಡುತ್ತಾರೆ.

ಕೊಟ್ಟವರು ಇದನ್ನು ಆಪತ್ತಿಗೆಂದು ಕೊಟ್ಟರು. ನಮ್ಮ ಜನ ಸುಮ್ಮನೆ ಬಿಡುತ್ತಾರೆಯೆ? ಹಲ್ಲು ಕೀಳಿಸುವಾಗ, ಹುಡುಗಿ ನೋಡಲು ಹೋಗುವಾಗ, ಬ್ಯಾಂಕಿನ ಮ್ಯಾನೇಜರನ ಎದುರು ಕೂರುವಾಗ ಎಲ್ಲದಕ್ಕೂ ಅದೇ ಆಯಿತು. ಎಲ್ಲಕ್ಕಿಂತ ದೊಡ್ಡ ಆಪತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆ ತಾನೆ. ತಲೆಗೊಂದೇ ಪಟ್ಟಿ ಎಂಬ ನಿಯಮವಿದ್ದುದರಿಂದ, ಪರೀಕ್ಷೆಯ ದಿನ ಬೆಳಿಗ್ಗೆ ಪಡುಬೈಲಿನ ಅಮ್ಮಂದಿರು ತಮ್ಮ ಪಟ್ಟಿ ಕಿತ್ತು ಮಕ್ಕಳ ಇನ್ನೊಂದು ಕಿವಿಯ ಹಿಂದೆ ಅಂಟಿಸುತ್ತಿದ್ದರು. ಹಣೆಗೆ ಕುಂಕುಮ ಇಟ್ಟು ಕಳಿಸುವಷ್ಟೇ ಸಹಜವಾಗಿ ಅದು ನಡೆದುಬಂದಿತ್ತು.

ಆ ದಿನ ಗಣಿತದ ಪರೀಕ್ಷೆ. ಚಂಚಲಾಕ್ಷಿಯ ಮಗಳು ಪ್ರಾಪ್ತಿ ತಿಂದ ಎರಡು ಇಡ್ಲಿಯನ್ನೂ ಬಚ್ಚಲಿಗೆ ಕಕ್ಕಿ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮ, ನಂಗೆ ಎಲ್ಲ ಮರ್ತುಹೋಗಿದೆ. ಒಂದು ಸೂತ್ರವೂ ನೆನಪಿಲ್ಲ."

"ಒಂದು ಪಟ್ಟಿ ಉಂಟಲ್ಲ ನಿಂಗೆ, ಸಾಕು. ಸುಮ್ನೆ ಹೋಗಿ ಬರಿ."

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಜೊಹರಾ ಕೇಳಿಸಿಕೊಂಡಳು. ಜೊಹರಾಳ ಮಗಳು ಅಫ್ರಾ, ಪ್ರಾಪ್ತಿಯ ಜೊತೆಗೇ ಅಂಬೆಗಾಲಿಟ್ಟವಳು, ಒಂದೇ ಬೆಂಚಿನಲ್ಲಿ ಓದಿದವಳು. "ಚಂಚಲಾ, ನಾನು ನಂದನ್ನೂ ಅಫ್ರಾಳಿಗೆ ಹಾಕಿ ಆಯ್ತು. ನೋಡು ಹೇಗೆ ಕೂತಿದ್ದಾಳೆ, ಮದುಮಗಳ ಹಾಗೆ! ನೀನೆಂತ ಇನ್ನೂ ಯೋಚನೆ ಮಾಡುದು?"

"ನಂಗೆ ಡ್ಯೂಟಿಯಲ್ಲಿ ಪಟ್ಟಿ ಇರ್ಲೇಬೇಕು ಮಾರಾಯ್ತಿ. ಗೊತ್ತಾದ್ರೆ ಕೆಲಸ ಹೋಗ್ತದೆ."

"ಕೂದ್ಲು ಸ್ವಲ್ಪ ಮುಂದೆ ಬಿಡು. ಯಾರು ನಿನ್ನ ಕಿವಿ ಎತ್ತಿ ನೋಡ್ತಾರೆ?"

ಚಂಚಲಾಕ್ಷಿ ಊರಿನ ತುರ್ತು ಸ್ಪಂದನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಹೆಸರಿನಲ್ಲಿ ಚಂಚಲವಿದ್ದರೂ ಅವಳ ಧ್ವನಿ ಮಾತ್ರ ಮಧ್ಯಾಹ್ನದ ಕೆರೆ. ಅದಕ್ಕೇ ಊರಿನ ಕಂಬಗಳಿಗೆ ಕಟ್ಟಿದ ಮೈಕುಗಳಿಗೆಲ್ಲ ಅವಳ ಧ್ವನಿಯನ್ನೇ ಮುದ್ರಿಸಿಟ್ಟಿದ್ದರು. ಅಂಥವಳೂ ಮಗಳ ಬಿಳುಚಿದ ಮುಖ ನೋಡಿ ಸೋತಳು. ತನ್ನ ಪಟ್ಟಿ ಕಿತ್ತು ಪ್ರಾಪ್ತಿಯ ಎಡಗಿವಿಯ ಹಿಂದೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಹುಡುಗಿಯ ಹುಬ್ಬಿನ ಗಂಟು ಬಿಚ್ಚಿತು, ತುಟಿಯ ನಡುಕ ನಿಂತಿತು.

"ಈಗ ಎಂತದೂ ಇಲ್ಲಮ್ಮ" ಎಂದಳು ಪ್ರಾಪ್ತಿ. ಆ ಮಾತಿನಲ್ಲಿ ಏನೋ ಕಡಿಮೆಯಿತ್ತು. ಅದೇನೆಂದು ಚಂಚಲಾಕ್ಷಿಗೆ ಹೊಳೆಯಲಿಲ್ಲ.

ಬಸ್ಸಿನಲ್ಲಿ ಅವಳಿಗೆ ಎದೆ ಡವಡವ ಎನ್ನತೊಡಗಿತು. ಎಷ್ಟೋ ಕಾಲದಿಂದ ಪಟ್ಟಿ ಹಚ್ಚಿಯೇ ಬದುಕಿದವಳಿಗೆ ಅದು ರೋಗವೇ ಇರಬೇಕೆನ್ನಿಸಿತು. ಆಳಸಮುದ್ರದ ಬೋಟಿನಲ್ಲಿರುವ ಗಂಡ ನೆನಪಾದ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅನುಮಾನ ಬಂತು, ಎದುರಿಂದ ಬರುವ ಲಾರಿ ನೇರ ಮೈಮೇಲೆಯೇ ಬರುವಂತೆ ಕಂಡಿತು. ಪಟ್ಟಿಯಿಲ್ಲದ ಕಾಲದಲ್ಲಿ ಜನ ಹೇಗಪ್ಪ ಬದುಕುತ್ತಿದ್ದರು ಎಂದುಕೊಂಡು ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

ಕೇಂದ್ರದಲ್ಲಿ ಆ ಹೊತ್ತಿಗೆ ಅವಳೂ ಲ್ಯಾನ್ಸಿಯೂ ಇಬ್ಬರೇ. ಲ್ಯಾನ್ಸಿ ಸಾಧು ಮನುಷ್ಯ, ಪರದೆ ಹೇಳಿದ್ದನ್ನು ತಪ್ಪದೆ ಮಾಡುವವನು. ಚಂಚಲಾಕ್ಷಿ ಕೂದಲು ಮುಂದೆಳೆದುಕೊಂಡು ಕೂತಳು. ಬೆಳಿಗ್ಗೆಯಿಂದ ಬಂದ ಕರೆಗಳು ದಿನದಂಥವೇ. ಮೂಗಿನಲ್ಲಿ ಕಡಲೆ ಸಿಕ್ಕಿಸಿಕೊಂಡ ಮಗು, ಕೈ ಸುಟ್ಟುಕೊಂಡು ಅದಕ್ಕೆ ಟೂತ್‌ಪೇಸ್ಟ್ ಹಚ್ಚಿದ ಅಜ್ಜಿ. "ಪೇಸ್ಟ್ ಬೇಡಜ್ಜಿ, ನಲ್ಲಿ ಕೆಳಗೆ ಕೈ ಹಿಡೀರಿ, ತಣ್ಣೀರು ಹರೀತಾ ಇರ್ಲಿ" ಎಂದು ಹೇಳಿ ಅವಳು ಫೋನ್ ಇಡುವಾಗ ಗೋಡೆಯ ಪರದೆ ಕೆಂಪಾಯಿತು.

ಬಂದರಿನ ಐಸ್ ಪ್ಲಾಂಟ್. ಮೀನಿಗೆ ಐಸ್ ಬೇಕು, ಐಸ್ ಮಾಡಲು ಅಮೋನಿಯಾ ಬೇಕು. ಅದರ ಕೊಳವೆಯ ಜೋಡಣೆಯೊಂದು ಹಾರಿಹೋಗಿತ್ತು. ಬಂದರಿನ ಕ್ಯಾಮೆರಾದಲ್ಲಿ ನೆಲಕ್ಕಂಟಿ ಹರಿಯುವ ಬಿಳಿ ಮಂಜು ಕಂಡಿತು. ಬಾಣಲೆಯಿಂದ ಚೆಲ್ಲಿದ ಹಾಲಿನ ಹಾಗೆ ಅದು ಗೋಡೆಯ ಬುಡ ಹಿಡಿದು ಹೊರಬರುತ್ತಿತ್ತು. ಗಾಳಿ ಕಡಲ ಕಡೆಯಿಂದ ಊರ ಕಡೆಗೆ ಬೀಸುತ್ತಿತ್ತು.

ಸೈರನ್ ತಾನಾಗಿಯೇ ಕೂಗಿತು. ಅದರ ಬೆನ್ನಿಗೇ ಊರಿನ ಮೈಕುಗಳಲ್ಲಿ ಚಂಚಲಾಕ್ಷಿಯ ಧ್ವನಿ ಬಂತು: "ಗಾಬರಿಯಾಗಬೇಡಿ. ಇದ್ದಲ್ಲೇ ಇರಿ. ಬಾಗಿಲು, ಕಿಟಕಿಗಳನ್ನು ಮುಚ್ಚಿಕೊಳ್ಳಿ. ಸಹಾಯ ಬರುತ್ತಿದೆ."

ಕಿಟಕಿಗೆ ಬಾಗಿಲಿರುವ ಮನೆಗಳಿಗೆ ಅದು ಸರಿಯಾದ ಮಾತೇ. ಆದರೆ ಐಸ್ ಪ್ಲಾಂಟಿಗೆ ಬೆನ್ನು ಕೊಟ್ಟು ನಿಂತಿದ್ದ ಪ್ರೌಢಶಾಲೆಯ ಪರೀಕ್ಷಾ ಕೊಠಡಿಗೆ ಕಿಟಕಿಗಳೇ ಇರಲಿಲ್ಲ. ಸೆಖೆಗೆ ಗಾಳಿ ಬರಲೆಂದು ಗೋಡೆಯ ಉದ್ದಕ್ಕೂ ತೂತುತೂತಿನ ಸಿಮೆಂಟಿನ ಜಾಲಿ ಇಟ್ಟಿದ್ದರು. ಪಾಲಕರ ಸಭೆಯಲ್ಲಿ ಆ ಜಾಲಿಯ ಪಕ್ಕ ಕೂತು, ಎಂಥ ಒಳ್ಳೇ ಗಾಳಿ ಎಂದು ಚಂಚಲಾಕ್ಷಿಯೇ ಹೊಗಳಿದ್ದಳು.

ನಕಲು ತಡೆಯಲೆಂದು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟಿದ್ದರು. ತುರ್ತು ಹೊತ್ತಿನಲ್ಲಿ ಅವು ಕೇಂದ್ರಕ್ಕೂ ಕಾಣುತ್ತಿದ್ದವು. ಅವಳು ಚಿತ್ರ ತೆರೆದಳು.

ಮಕ್ಕಳು ಬರೆಯುತ್ತಿದ್ದರು. ಎಲ್ಲರ ಕಣ್ಣಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ತೋಳಿನಿಂದ ಒರೆಸಿಕೊಂಡು ಮತ್ತೆ ಬರೆಯುತ್ತಿದ್ದರು. ಕೆಮ್ಮು ಬಂದವರು ಪೆನ್ನು ಕೆಳಗಿಟ್ಟು, ಕೆಮ್ಮಿ, ಮತ್ತೆ ಪೆನ್ನು ಎತ್ತಿಕೊಳ್ಳುತ್ತಿದ್ದರು. ಮೇಲ್ವಿಚಾರಕರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಕೈಯೆತ್ತಿದ ಹುಡುಗನೊಬ್ಬನಿಗೆ ಹೆಚ್ಚುವರಿ ಹಾಳೆ ಕೊಟ್ಟರು. ಜಾಲಿಯಿಂದ ಬಿಳಿ ಮಂಜು ಇಳಿದು ಬೆಂಚುಗಳ ಕಾಲು ಮುಚ್ಚಿತ್ತು. ಪ್ರಾಪ್ತಿ ಬಾಗಿಲ ಸಾಲಿನಲ್ಲಿದ್ದಳು, ಅಫ್ರಾ ಜಾಲಿಯ ಪಕ್ಕದಲ್ಲಿ.

ಚಂಚಲಾಕ್ಷಿ ಲ್ಯಾನ್ಸಿಯ ಕಡೆಗೆ ತಿರುಗಿದಳು. "ಲ್ಯಾನ್ಸೀ, ಶಾಲೆ! ಮಕ್ಕಳನ್ನು ಹೊರಗೆ ತರ್ಬೇಕು!"

ಲ್ಯಾನ್ಸಿ ನಿಧಾನವಾಗಿ ತಿರುಗಿ ನೋಡಿದ. "ಒಳಗೇ ಇರ್ಬೇಕು ಅಂತ ಉಂಟಲ್ಲ ಪರದೆಯಲ್ಲಿ. ಅಗ್ನಿಶಾಮಕದವರು ಹೊರಟಾಗಿದೆ. ಬರ್ತಾರೆ."

"ಬರುವಾಗ ಯಾರೂ ಉಳಿಯುದಿಲ್ಲ! ಜಾಲಿ ಅದು, ಮುಚ್ಚುದು ಎಂತದನ್ನು?"

"ನೀವು ಯಾಕೆ ಇಷ್ಟು ಜೋರು ಮಾತಾಡುದು?" ಎಂದು ಅವನು ನಿಜವಾದ ಕುತೂಹಲದಿಂದ ಕೇಳಿದ.

ಅವಳು ಕೊಠಡಿಯ ಸ್ಪೀಕರ್ ಒತ್ತಿದಳು. "ಪ್ರಾಪ್ತೀ! ಅಮ್ಮ ಮಾತಾಡುದು. ಎದ್ದೇಳು, ಹೊರಗೆ ಹೋಗು, ಈಗ್ಲೇ!"

ಪ್ರಾಪ್ತಿ ತಲೆಯೆತ್ತಿ ಕ್ಯಾಮೆರಾ ನೋಡಿದಳು. ಕಣ್ಣುಗಳು ಕೆಂಡದಂತಿದ್ದವು, ಮೂಗಿನಿಂದ ನೀರು ಸುರಿಯುತ್ತಿತ್ತು. ಅವಳು ಬೆರಳೆತ್ತಿ, ಇದೊಂದು ಲೆಕ್ಕ ಮುಗಿಸಿ ಬರುತ್ತೇನೆ ಎಂಬಂತೆ ಸನ್ನೆ ಮಾಡಿ ನಕ್ಕಳು. ಆಮೇಲೆ ಮತ್ತೆ ಬಗ್ಗಿದಳು. ಅಷ್ಟರಲ್ಲೇ ಶಾಲೆಯ ಅಂಗಳದ ಕಂಬದಿಂದ, ಇದ್ದಲ್ಲೇ ಇರಿ ಎಂದು ಚಂಚಲಾಕ್ಷಿಯದೇ ಧ್ವನಿ ಇನ್ನೊಮ್ಮೆ ಹೇಳುವುದು ಸ್ಪೀಕರಿನಲ್ಲಿ ಕೇಳಿಸಿತು. ಮಗಳು ಅಮ್ಮನ ಮಾತನ್ನೇ ಕೇಳುತ್ತಿದ್ದಳು.

ಚಂಚಲಾಕ್ಷಿ ತನ್ನ ಧ್ವನಿಯನ್ನು ನಿಲ್ಲಿಸಲು ಗುಂಡಿ ಹುಡುಕಿದಳು. ಎರಡು ಸಲ ತಪ್ಪು ಗುಂಡಿ ಒತ್ತಿದಳು. ಮೂರನೆಯ ಸಲಕ್ಕೆ ಮುದ್ರಿತ ಧ್ವನಿ ನಿಂತಿತು, ಊರಿನ ಮೈಕು ಅವಳ ಕೈಗೆ ಬಂತು. ಲ್ಯಾನ್ಸಿ ಎದ್ದು ಬಂದು ಮೆಲ್ಲಗೆ ಅವಳ ಮಣಿಕಟ್ಟು ಹಿಡಿದ. "ನಿಯಮದಲ್ಲಿ ಇಲ್ಲ" ಎಂದ. ಅವನಿಗೆ ಸಿಟ್ಟೂ ಇರಲಿಲ್ಲ. ಅವಳು ಕೈ ಹಾಕಿ ಅವನ ಕಿವಿಯ ಹಿಂದಿನ ಪಟ್ಟಿಯನ್ನು ಚರ್ಮ ಸಮೇತ ಕಿತ್ತಳು.

ಮೊದಲು ಅವನು ಕಿವಿ ಮುಟ್ಟಿಕೊಂಡು ಸುಮ್ಮನೆ ನಿಂತ. ಆಮೇಲೆ ಗೋಡೆಯ ಪರದೆ ನೋಡಿದ. ಅದೇ ಪರದೆಯನ್ನು ಅವನು ಅಷ್ಟು ಹೊತ್ತಿನಿಂದಲೂ ನೋಡುತ್ತಿದ್ದ. ಅವನ ಬಾಯಿ ತೆರೆದುಕೊಂಡಿತು. "ಅಯ್ಯೋ ದೇವರೇ... ಮಕ್ಕಳು" ಎಂದವನೇ ಫೋನಿಗೆ ಹಾರಿದ. ಆಸ್ಪತ್ರೆಗೆ, ಅಗ್ನಿಶಾಮಕಕ್ಕೆ, ಆಂಬುಲೆನ್ಸಿಗೆ ಕಿರುಚಿ ಹೇಳತೊಡಗಿದ.

ಚಂಚಲಾಕ್ಷಿ ಮೈಕಿಗೆ ಬಾಯಿಟ್ಟು ಕೂಗಿದಳು. ಮಾತಲ್ಲ, ಬರಿಯ ಕೂಗು. ಹೆರುವಾಗ ಕೂಡ ಅವಳು ಹಾಗೆ ಕೂಗಿರಲಿಲ್ಲ.

ಕೊಠಡಿಯಲ್ಲಿ ಮಕ್ಕಳೆಲ್ಲ ಒಮ್ಮೆಗೇ ಬೆಚ್ಚಿಬಿದ್ದರು. ಕೆಲವರು ಅರ್ಧ ಎದ್ದರು. ಅಷ್ಟರಲ್ಲಿ ಪಟ್ಟಿಗಳು ಎಚ್ಚೆತ್ತವು, ಎದ್ದವರು ಕೂತರು. ಅವಳು ಮತ್ತೆ ಕೂಗಿದಳು. ಮತ್ತೆ ಬೆಚ್ಚಿದರು, ಮತ್ತೆ ಕೂತರು. ಪ್ರತಿ ಸಲವೂ ಏಳುವುದು ಕಡಿಮೆಯಾಗುತ್ತ ಬಂತು. ಅಫ್ರಾ ಉತ್ತರಪತ್ರಿಕೆಯ ಮೇಲೆ ಕೆನ್ನೆ ಇಟ್ಟಳು, ಏಳಲಿಲ್ಲ. ಮಗಳ ಕಣ್ಣೂ ಮುಚ್ಚಿಕೊಳ್ಳುತ್ತಿರುವುದನ್ನು ಚಂಚಲಾಕ್ಷಿ ಕಂಡಳು. ಎರಡೂ ಕಿವಿಯಿಂದ ನಿಧಾನ, ನಿಧಾನ ಎಂದು ಹೇಳಿಸಿಕೊಂಡ ದೇಹ ಉಸಿರು ಕಟ್ಟಿದರೂ ಒದ್ದಾಡದು ಎಂಬುದು ಆಗ ಅವಳಿಗೆ ತಿಳಿಯಿತು. ತಾನೇ ಅದನ್ನು ಹಚ್ಚಿ ಕಳಿಸಿದೆ ಎಂಬುದು ನೆನಪಾಗಿ ಕಣ್ಣು ಕತ್ತಲೆಗಟ್ಟಿತು.

ಆಗ ಅಂಗಳದ ಕ್ಯಾಮೆರಾದಲ್ಲಿ ಏನೋ ಅಲುಗಾಡಿತು. ಒಬ್ಬಳು ಹೆಂಗಸು ಓಡಿ ಬರುತ್ತಿದ್ದಳು. ಚಪ್ಪಲಿ ಇಲ್ಲ, ಒಂದು ಕೈಯಲ್ಲಿ ಇನ್ನೂ ಸೌಟು. ಜೊಹರಾ! ಅವಳ ಹಿಂದೆ ಇನ್ನೊಬ್ಬಳು, ಮೀನು ಮಾರುಕಟ್ಟೆಯ ಕಡೆಯಿಂದ ನಾಲ್ಕೈದು ಜನ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಕಡೆಯಿಂದ ಒಂದು ಗುಂಪು. ಎಲ್ಲರೂ ಅಮ್ಮಂದಿರೇ. ಆ ಹೊತ್ತಿನಲ್ಲಿ, ಲ್ಯಾನ್ಸಿಯೊಬ್ಬನನ್ನು ಬಿಟ್ಟರೆ, ಇಡೀ ಪಡುಬೈಲಿನಲ್ಲಿ ಕಿವಿಯ ಹಿಂದೆ ಪಟ್ಟಿ ಇಲ್ಲದವರೆಂದರೆ, ಹತ್ತನೇ ತರಗತಿಯ ಮಕ್ಕಳ ಅಮ್ಮಂದಿರು ಮಾತ್ರ. ಉಳಿದ ಊರು ಬಾಗಿಲು ಮುಚ್ಚಿಕೊಂಡು ಸಮಾಧಾನವಾಗಿ ಕೂತಿತ್ತು.

ಹೆದರಿಕೊಂಡು ಓಡಿ ಬಂದವರು ಹಾಗೆಯೇ ಒಳನುಗ್ಗಿದರೆ ಅವರೂ ಬೀಳುತ್ತಾರೆ. ಚಂಚಲಾಕ್ಷಿ ಮಾತು ಹುಡುಕಿಕೊಂಡಳು.

"ಜೊಹರಾ, ನಿಲ್ಲು! ಎಲ್ರೂ ನಿಲ್ಲಿ! ಅಂಗಳದ ಟ್ಯಾಂಕಿಯಲ್ಲಿ ಸೆರಗು, ಶಾಲು ಎಲ್ಲ ಅದ್ದಿ. ಮೂಗು ಬಾಯಿ ಕಟ್ಟಿ. ಒದ್ದೆ ಬಟ್ಟೆ ಇಲ್ಲದೆ ಯಾರೂ ಒಳಗೆ ಹೋಗ್ಬೇಡಿ! ಬಾಗಿಲ ಹತ್ರದವರನ್ನು ಮೊದಲು ಎಳೀರಿ. ದಾರಿ ಬಿಡಿಸಿಕೊಂಡು ಒಳಗೆ ಹೋಗಿ. ಹೊರಗೆ ತಂದವರನ್ನು ಚರ್ಚ್ ಮೈದಾನಕ್ಕೆ, ಗಾಳಿಗೆ ಅಡ್ಡ ದಿಕ್ಕಿಗೆ! ಗಾಳಿ ಹೋಗುವ ಕಡೆಗೆ ಓಡ್ಬೇಡಿ! ಪಟ್ಟಿ ಕಿತ್ತು ಬಿಸಾಡಿ! ಕಣ್ಣು ಉಜ್ಲಿಕ್ಕೆ ಬಿಡ್ಬೇಡಿ, ನೀರು ಹೊಯ್ಯಿರಿ, ನೀರು!"

ಅವರು ಕೇಳಿದರು. ಅಳುತ್ತಲೇ ಕೇಳಿದರು. ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಪ್ರಾಪ್ತಿ. ಜೊಹರಾ ಅವಳ ಕಂಕುಳಿಗೆ ಕೈಹಾಕಿ ಎಳೆದಳು. ಎಳೆಯುವಾಗ ಅವಳ ಕಣ್ಣು ಜಾಲಿಯ ಪಕ್ಕದ ಬೆಂಚಿನ ಮೇಲಿತ್ತು. ಪ್ರಾಪ್ತಿಯನ್ನು ಹೊರಗೆ ಮಲಗಿಸಿ ಒಳಗೆ ಬಂದಳು, ದಾರಿಯಲ್ಲಿ ಬಿದ್ದ ಇನ್ನೊಬ್ಬ ಹುಡುಗನನ್ನು ಎಳೆದಳು, ಮತ್ತೆ ಬಂದಳು. ಬಾಗಿಲವರನ್ನು ಮೊದಲು ತೆಗೆಯದೆ ಒಳಗಿನವರನ್ನು ತರುವ ದಾರಿಯೇ ಇರಲಿಲ್ಲ. ಕೊನೆಗೆ ಮಂಜಿನೊಳಗೆ ಹೋದವಳು ಅಫ್ರಾಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಂದಳು. ಹುಡುಗಿಯ ಕೈಗಳು ಜೋತಾಡುತ್ತಿದ್ದವು. ಚಂಚಲಾಕ್ಷಿ ಇನ್ನೂ ಕೂಗುತ್ತಲೇ ಇದ್ದಳು, ಆದರೆ ಮೈಕಿನಲ್ಲಿ ಗಾಳಿಯ ಸದ್ದಿನ ಹೊರತು ಏನೂ ಬರುತ್ತಿರಲಿಲ್ಲ. ಗಂಟಲು ಬಿದ್ದುಹೋಗಿತ್ತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಪ್ರಾಪ್ತಿಯ ಕಣ್ಣನ್ನು ಮತ್ತೆ ಮತ್ತೆ ತೊಳೆದು ಹತ್ತಿ ಇಟ್ಟರು. ಕಣ್ಣು ಉಳಿಯುತ್ತದೆ, ಎದೆಯಲ್ಲಿ ಸ್ವಲ್ಪ ಕಫ ಇದೆ, ಗಾಬರಿ ಬೇಡ ಎಂದರು ಡಾಕ್ಟರು. ಚಂಚಲಾಕ್ಷಿಗೆ ದೇವರ ಹೆಸರು ಹೇಳಲೂ ಧ್ವನಿ ಬರಲಿಲ್ಲ. ಹಾಸಿಗೆಯ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟಳು.

ಎರಡೂ ಪಟ್ಟಿಗಳನ್ನು ಕಿತ್ತೆಸೆದಿದ್ದರು. ಆದರೆ ಹುಡುಗಿ ಇನ್ನೂ ತಣ್ಣಗೇ ಇದ್ದಳು.

"ಅಮ್ಮ, ಇನ್ನೊಂದೇ ಲೆಕ್ಕ ಬಾಕಿ ಇತ್ತು. ನೀನು ಕಿರುಚದಿದ್ರೆ ಮುಗೀತಿತ್ತು." ಸ್ವಲ್ಪ ಹೊತ್ತಿನ ಮೇಲೆ, "ಅಫ್ರಾ ಎಲ್ಲಿ?" ಎಂದಳು.

ಚಂಚಲಾಕ್ಷಿ ಮಗಳ ಅಂಗೈ ಬಿಡಿಸಿ, ಬೆರಳಿನಿಂದ ಐಸಿಯು ಎಂದು ಬರೆದಳು.

"ಓ" ಎಂದಳು ಪ್ರಾಪ್ತಿ. ಆಮೇಲೆ ಕುಡಿಯಲು ನೀರು ಕೇಳಿದಳು.

ಆ ದಿನ ಕಂಡದ್ದೆಲ್ಲ ಒಂದು ಪಾಲಾದರೆ ಆ 'ಓ' ಒಂದು ಪಾಲು. ಚಂಚಲಾಕ್ಷಿ ಡಾಕ್ಟರರನ್ನು ಹಿಡಿದು ನಿಲ್ಲಿಸಿ ಕೈಸನ್ನೆಯಲ್ಲೇ ಕೇಳಿದಳು. ಎರಡು ಪಟ್ಟಿ ಹಚ್ಚಿಕೊಂಡು ಆಸ್ಪತ್ರೆಗೆ ಬಂದವರನ್ನು ತಾನು ನೋಡಿದ್ದು ಇವತ್ತೇ ಮೊದಲು, ಪರಿಣಾಮ ಇಳಿಯಬಹುದು, ಕಾದು ನೋಡೋಣ ಎಂದರು ಅವರು. ಆ 'ಬಹುದು' ಅವಳ ಎದೆಯಲ್ಲಿ ಮುಳ್ಳಾಯಿತು. ಮಗಳು ಬದುಕಿದ್ದಾಳೆ, ಆದರೆ ಹೊಸಿಲಾಚೆಗೆ ಬೆಂಕಿ ಬಿದ್ದರೂ 'ಓ' ಎಂದು ಕುಡಿಯಲು ನೀರು ಕೇಳುವವಳಾಗಿ ಬದುಕುತ್ತಾಳೆಯೆ? ಅವಳು ಮಗಳ ಕೈ ಹಿಡಿದು, ಅದು ನಡುಗಲಿ ಎಂದು ಕಾದಳು.

ಸಂಜೆಯ ಕಾಫಿಯ ಗಾಡಿ ಬಂದುಹೋದ ಮೇಲೆ ಪ್ರಾಪ್ತಿಯ ಕಿರುಬೆರಳು ಸ್ವಲ್ಪ ಅದುರಿತು. ಆಮೇಲೆ ಕೈ, ತೋಳು, ಹಲ್ಲು. ಹುಡುಗಿ ಹಾಸಿಗೆಯ ಮೇಲೆ ಎದ್ದು ಕೂತಳು.

"ಅಮ್ಮ... ಅಮ್ಮ, ಅಫ್ರಾ ತಲೆ ಇಟ್ಟು ಮಲಗಿದ್ಳು. ನಾನು ನೋಡ್ದೆ. ನೋಡಿಯೂ ಬರೀತಾ ಇದ್ದೆ. ನಂಗೆ ಹೆದ್ರಿಕೆ ಆಗ್ತಾ ಉಂಟಮ್ಮ. ನಂಗೆ ಅವಳ ಹತ್ರ ಹೋಗ್ಬೇಕು."

ನಡುಕ ಕಂಡ ನರ್ಸು ಹೊಸ ಪಟ್ಟಿಯ ಪೊಟ್ಟಣ ಹಿಡಿದು ಬಂದಳು. "ಪಾಪ, ಒಂದು ಹಾಕಿಬಿಡ್ಲಾ?" ಎಂದಳು. ಚಂಚಲಾಕ್ಷಿ ಅವಳ ಕೈಯನ್ನು ಅತ್ತ ಸರಿಸಿ, ಮಗಳನ್ನು ಎಬ್ಬಿಸಿ, ಸೊಂಟ ಹಿಡಿದು ಮಹಡಿ ಹತ್ತಿಸಿದಳು. ಕಣ್ಣಿಗೆ ಹತ್ತಿ ಇದ್ದ ಹುಡುಗಿ ಮೆಟ್ಟಿಲು ಮೆಟ್ಟಿಲಿಗೂ ಅತ್ತಳು.

ಐಸಿಯುವಿನ ಹೊರಗಿನ ಬೆಂಚಿನಲ್ಲಿ ಜೊಹರಾ ಕೂತಿದ್ದಳು. ಮೊಣಕಾಲ ಮೇಲೆ ಕೈ ಇಟ್ಟು, ಬೆನ್ನು ನೆಟ್ಟಗೆ ಮಾಡಿ, ಬಸ್ಸಿಗೆ ಕಾಯುವವಳ ಹಾಗೆ. ಅವಳ ಕಿವಿಯ ಹಿಂದೆ ಹೊಚ್ಚ ಹೊಸ ಬಿಳಿ ಪಟ್ಟಿ. ಬಾಗಿಲು ಬಡಿಯುತ್ತಿದ್ದಳೆಂದು ಆಸ್ಪತ್ರೆಯವರೇ ಹಚ್ಚಿದ್ದರು.

"ಬಾ ಚಂಚಲಾ, ಕೂತ್ಕೋ" ಎಂದಳು ಜೊಹರಾ. "ಮಿಷಿನ್ ಉಸಿರು ಕೊಡ್ತಾ ಉಂಟಂತೆ. ರಾತ್ರಿ ಕಳೀಬೇಕು ಅಂತ ಹೇಳಿದ್ರು. ಆಗ್ಲಿ, ಎಂತ ಮಾಡುದು." ಹಾಗೆಂದು ಸಣ್ಣಗೆ ನಕ್ಕಳು.

ಪ್ರಾಪ್ತಿ ತಡವರಿಸಿಕೊಂಡು ಬಂದು ಅವಳ ಮಡಿಲಲ್ಲಿ ಮುಖ ಹುದುಗಿಸಿದಳು. "ಜೊಹರಾಂಟಿ, ನನ್ನನ್ನು ಯಾಕೆ ಮೊದ್ಲು ಎಳೆದ್ರಿ" ಎಂದು ಬಿಕ್ಕಿದಳು. ಅವಳ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಆ ನಡುಕ ಬೆಂಚಿಗೂ ತಾಗಿತು.

ಜೊಹರಾ ತನ್ನ ಮಡಿಲಲ್ಲಿ ಅಳುವ ಹುಡುಗಿಯನ್ನು ಬಹಳ ಹೊತ್ತು ನೋಡಿದಳು, ಇದು ಏನೆಂದು ನೆನಪು ಮಾಡಿಕೊಳ್ಳುವವಳ ಹಾಗೆ. ಆಮೇಲೆ ಮುಚ್ಚಿದ ಬಾಗಿಲ ಕಡೆ ನೋಡಿದಳು. ನಿಧಾನವಾಗಿ ಕೈಯೆತ್ತಿ, ಕಿವಿಯ ಹಿಂದೆ ಉಗುರು ಹಾಕಿ, ಪಟ್ಟಿಯನ್ನು ತಾನೇ ಕಿತ್ತಳು.